ಮೇಲ್ಮನೆಯಲ್ಲಿ ಕಾರ್ಮಿಕನ ಮಾತು

ಶಾಸನಸಭೆಗಳಲ್ಲಿ ನಡೆಯುವ ಚರ್ಚೆಗಳ ಕಡೆಗೆ ನಮ್ಮ ಕಾರ್ಮಿಕ ಬಂಧುಗಳ ಗಮನ ಹೋಗುವುದು ಅಪರೂಪ. ಚುನಾವಣೆಯ ದಿನ ಓಟು ಹಾಕುತ್ತೇವೆ. ಆಮೇಲೆ ನಾವು ಆರಿಸಿ ಕಳುಹಿಸಿದವರು ಅಲ್ಲಿ ಏನು ಮಾತನಾಡಿದರು, ಯಾವ ತಿದ್ದುಪಡಿಗೆ ಕೈ ಎತ್ತಿದರು, ಯಾವುದು ಬಂದಾಗ ಸುಮ್ಮನೆ ಕುಳಿತರು ಎಂದು ಕೇಳುವವರು ಕಡಿಮೆ. ಅದರಲ್ಲಿಯೂ ಮೇಲ್ಮನೆಯೆಂದರೆ ಇನ್ನಷ್ಟು ದೂರದ ಮಾತು. ಅಲ್ಲಿಗೆ ನಾವು ನೇರವಾಗಿ ಯಾರನ್ನೂ ಆರಿಸಿ ಕಳುಹಿಸುವುದಿಲ್ಲ. ವಯಸ್ಸಾದ ಮುಖಂಡರು ಭಾಷಣ ಮಾಡುವ ಜಾಗ ಅದು, ನಮ್ಮ ಪಗಾರಕ್ಕೂ ಅದಕ್ಕೂ ಏನು ಸಂಬಂಧ ಎಂಬ ಮಾತನ್ನು ಹೋಟೆಲಿನ ಅಡಿಗೆಮನೆಯಲ್ಲಿಯೂ ಗಿರಣಿಯವರ ಚಾಳುಗಳಲ್ಲಿಯೂ ನಾವು ಬಹಳ ಸಲ ಕೇಳಿದ್ದೇವೆ.

ಈ ಭಾವನೆ ನಮಗೆ ನಷ್ಟವನ್ನೇ ತಂದಿದೆ ಎಂದು ನಾವು ಹೇಳಬೇಕಾಗಿದೆ. 2025ನೆಯ ಇಸವಿ ನವೆಂಬರ್ 21ರಂದು ಕೈಗಾರಿಕಾ ಸಂಬಂಧಗಳ ಸಂಹಿತೆ ಜಾರಿಗೆ ಬಂತು. ಯಾವ ಸಂಘ ಮಾಲಕರೊಡನೆ ಮಾತುಕತೆಗೆ ಕೂರಬಹುದು, ಮುಷ್ಕರಕ್ಕೆ ಮೊದಲು ಎಷ್ಟು ದಿನದ ನೋಟೀಸು ಕೊಡಬೇಕು ಎಂಬುದನ್ನೆಲ್ಲ ಈಗ ಆ ಸಂಹಿತೆಯೇ ನಿರ್ಧರಿಸುತ್ತದೆ. ಅದು ಕಾಯಿದೆಯಾಗುವ ಮೊದಲು 2020ರ ಸೆಪ್ಟೆಂಬರ್ 23ರಂದು ರಾಜ್ಯಸಭೆಯನ್ನು ದಾಟಿ ಬಂದಿತ್ತು. ಆ ದಿನ ಅಲ್ಲಿ ನಮ್ಮ ಪರವಾಗಿ ಏನು ಚರ್ಚೆ ನಡೆಯಿತು ಎಂಬ ಪ್ರಶ್ನೆಯನ್ನು ಇಂದು ಕೇಳಿಕೊಂಡರೆ ಸಮಾಧಾನದ ಉತ್ತರ ಸಿಗುವುದಿಲ್ಲ. ಆ ವಿಷಯಕ್ಕೆ ಆಮೇಲೆ ಬರುತ್ತೇವೆ. ಅದಕ್ಕೆ ಮೊದಲು, ಮೇಲ್ಮನೆಯಲ್ಲಿ ಕುಳಿತ ಒಬ್ಬ ಮನುಷ್ಯ ಮನಸ್ಸು ಮಾಡಿದರೆ ದುಡಿಯುವವರಿಗಾಗಿ ಏನು ಮಾಡಬಲ್ಲ, ಎಲ್ಲಿ ಸೋಲುತ್ತಾನೆ ಎಂಬುದನ್ನು ತೋರಿಸುವ ಒಂದು ನಿಜವಾದ ಉದಾಹರಣೆಯನ್ನು ಓದುಗರ ಮುಂದೆ ಇಡುತ್ತೇವೆ. ಆ ಮನುಷ್ಯ ಅಮೇರಿಕದ ಸೆನೇಟಿನಲ್ಲಿ 1927ರಿಂದ 1949ರ ವರೆಗೆ ಸದಸ್ಯರಾಗಿದ್ದ ರಾಬರ್ಟ್ ವ್ಯಾಗ್ನರ್.

ಅಮೇರಿಕದ ಸೆನೇಟಿಗೂ ನಮ್ಮ ರಾಜ್ಯಸಭೆಗೂ ವ್ಯತ್ಯಾಸವಿದೆ. 1913ರ ನಂತರ ಅಲ್ಲಿನ ಸೆನೇಟರುಗಳನ್ನು ಜನರೇ ನೇರವಾಗಿ ಆರಿಸುತ್ತಾರೆ. ಕಾಯಿದೆ ಮಾಡುವುದರಲ್ಲಿ ಆ ಮನೆಯ ಅಧಿಕಾರ ಕೆಳಮನೆಗೆ ಕಡಿಮೆಯಿಲ್ಲ. ಈ ವ್ಯತ್ಯಾಸವನ್ನು ನೆನಪಿನಲ್ಲಿಟ್ಟುಕೊಂಡೇ ಮುಂದಿನದನ್ನು ಓದಬೇಕು.

ವ್ಯಾಗ್ನರರು ಹುಟ್ಟಿದ್ದು 1877ರಲ್ಲಿ, ಜರ್ಮನಿಯ ನಾಸ್ಟೆಟನ್ ಎಂಬ ಸಣ್ಣ ಊರಿನಲ್ಲಿ. ಊರಿನ ಸಂಪಾದನೆ ಸಾಲದೆ ಕುಟುಂಬ ಹಡಗು ಹತ್ತಿ ನ್ಯೂಯಾರ್ಕಿಗೆ ಬಂದಾಗ ಅವರು ಇನ್ನೂ ಹುಡುಗ, ಇಂಗ್ಲಿಷು ಬಾರದು. ತಂದೆ ಬಾಡಿಗೆ ಮನೆಗಳ ಒಂದು ಕಟ್ಟಡದಲ್ಲಿ ಕಸ ಗುಡಿಸಿ ಕಾವಲು ಕಾಯುವ ಕೆಲಸ ಹಿಡಿದರು. ಮಗ ಬೀದಿಯಲ್ಲಿ ಪೇಪರು ಮಾರಿದ. ಅಣ್ಣನ ದುಡಿಮೆಯ ಆಸರೆಯಿಂದ ಶುಲ್ಕವಿಲ್ಲದ ನಗರ ಕಾಲೇಜಿನಲ್ಲಿ ಓದಿ, ಅನಂತರ ಕಾನೂನು ಕಲಿತು ವಕೀಲನಾದ. ಊರು ಬಿಟ್ಟು ಪರಭಾಷೆಯ ಶಹರಕ್ಕೆ ಬಂದು, ಹಗಲು ದುಡಿದು ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿತ ನಮ್ಮ ಹಿರಿಯರಿಗೆ ಈ ಕಥೆಯಲ್ಲಿ ಹೊಸತೇನೂ ಕಾಣಿಸಲಾರದು.

ರಾಜಕೀಯಕ್ಕೆ ಅವರು ಬಂದದ್ದು ಟ್ಯಾಮನಿ ಹಾಲ್ ಎಂಬ ಪಕ್ಷದ ಬಣದಿಂದ. ಲಂಚಕ್ಕೂ ವಶೀಲಿಗೂ ಹೆಸರಾದ ಬಣ ಅದು. ಅಲ್ಲಿಂದ ಬಂದವನು ಕಾರ್ಮಿಕರ ಮಿತ್ರನಾಗುವನೆಂದು ಯಾರೂ ಎಣಿಸಿರಲಿಲ್ಲ. ಅವರನ್ನು ಬದಲಿಸಿದ್ದು ಒಂದು ಬೆಂಕಿ. 1911ರ ಮಾರ್ಚ್ 25ರಂದು ನ್ಯೂಯಾರ್ಕಿನ ಟ್ರಯಾಂಗಲ್ ಎಂಬ ಬಟ್ಟೆ ಹೊಲಿಯುವ ಕಾರಖಾನೆಗೆ ಬೆಂಕಿ ಬಿದ್ದಿತು. ಮಾಳಿಗೆಯ ಮೇಲಿದ್ದ ಹುಡುಗಿಯರು ಹೊರಗೆ ಓಡಬೇಕೆಂದರೆ ಒಂದು ಬಾಗಿಲಿಗೆ ಬೀಗ. 146 ಜನ ಸತ್ತರು. ಅವರಲ್ಲಿ ಹೆಚ್ಚಿನವರು ಪರದೇಶದಿಂದ ಹೊಟ್ಟೆಪಾಡಿಗೆ ಬಂದ ಎಳೆಯ ವಯಸ್ಸಿನ ಹೆಂಗಸರು. ಆ ಮೇಲೆ ರಾಜ್ಯ ಸರಕಾರ ಕಾರಖಾನೆಗಳ ತನಿಖೆಗೆ ಒಂದು ಆಯೋಗವನ್ನು ನೇಮಿಸಿತು. ಅದರ ಅಧ್ಯಕ್ಷತೆ ರಾಜ್ಯದ ಸೆನೇಟಿನಲ್ಲಿದ್ದ ವ್ಯಾಗ್ನರರ ಪಾಲಿಗೆ ಬಂದಿತು.

ಆಯೋಗದ ಜೊತೆ ಕೆಲಸ ಮಾಡುತ್ತಿದ್ದ ಫ್ರಾನ್ಸಿಸ್ ಪರ್ಕಿನ್ಸ್ ಎಂಬ ಮಹಿಳೆ (ಮುಂದೆ ಅಮೇರಿಕದ ಕಾರ್ಮಿಕ ಮಂತ್ರಿಯಾದವರು) ಸದಸ್ಯರನ್ನು ಮೇಜಿನ ಮುಂದೆ ಕೂರಗೊಡಲಿಲ್ಲ, ಕಾರಖಾನೆಗಳೊಳಗೆ ಕರೆದುಕೊಂಡು ಹೋದರು. ಒಂದು ಕಡೆ ಗೋಡೆಯಲ್ಲಿ ಸಣ್ಣ ಕಿಂಡಿ, ಅದರಾಚೆ ಹಿಮಗಟ್ಟಿದ ಏಣಿ, ಅದಕ್ಕೆ ‘ಬೆಂಕಿ ಬಿದ್ದಾಗ ಪಾರಾಗುವ ದಾರಿ’ ಎಂದು ಹೆಸರು. ಆ ಕಿಂಡಿಯಲ್ಲಿ ವ್ಯಾಗ್ನರರನ್ನೇ ತೂರಿಸಿ ತೋರಿಸಿದರೆಂದು ಪರ್ಕಿನ್ಸರು ತಮ್ಮ ನೆನಪುಗಳಲ್ಲಿ ಬರೆದಿದ್ದಾರೆ. ಕಾರಖಾನೆಯ ಕಾಯಿದೆ ಮಾಡುವವನು ಕಾರಖಾನೆಯ ಕಿಂಡಿಯಲ್ಲಿ ಒಮ್ಮೆಯಾದರೂ ತೂರಿ ನೋಡಿರಬೇಕು ಎಂಬುದು ನಮ್ಮ ಅಭಿಪ್ರಾಯವೂ ಹೌದು.

ಅನಂತರ ಕೆಲವು ವರ್ಷ ಅವರು ನ್ಯಾಯಾಧೀಶರಾಗಿದ್ದರು. ಆ ಕಾಲದಲ್ಲಿ ಕೋರ್ಟಿನ ತಡೆಯಾಜ್ಞೆಯೆಂದರೆ ಮುಷ್ಕರ ಮುರಿಯಲು ಮಾಲಕರ ಕೈಯಲ್ಲಿದ್ದ ಆಯುಧ. 1922ರಲ್ಲಿ ವ್ಯಾಗ್ನರರು ಬಟ್ಟೆ ಹೊಲಿಯುವವರ ಸಂಘದ ಅರ್ಜಿಯ ಮೇಲೆ, ಕರಾರು ಮುರಿದ ಮಾಲಕರ ವಿರುದ್ಧವೇ ತಡೆಯಾಜ್ಞೆ ಕೊಟ್ಟರು. ಮಾಲಕರಿಗೆ ಒಂದು ನ್ಯಾಯವಾದರೆ ಕಾರ್ಮಿಕರಿಗೂ ಅದೇ ನ್ಯಾಯವಾಗಬೇಕು ಎಂಬುದು ಅದರ ತಾತ್ಪರ್ಯ. ಒಂದು ಪದವನ್ನು ಕೋರ್ಟುಗಳು ಹೇಗೆಲ್ಲ ತಿರುಗಿಸಬಲ್ಲವು ಎಂಬುದನ್ನು ಅವರು ಕಲಿತದ್ದೂ ಆ ಪೀಠದ ಮೇಲೆಯೇ. ಆ ಪಾಠ ಮುಂದೆ ಸೆನೇಟಿನಲ್ಲಿ ಬಹಳ ಉಪಯೋಗಕ್ಕೆ ಬಂದಿತು.

ಸೆನೇಟಿನಲ್ಲಿ ಅವರ ಮೊದಲ ಮುಖ್ಯ ಹೋರಾಟ ಲೆಕ್ಕದ ಮೇಲೆ ನಡೆಯಿತು. 1928ರಲ್ಲಿ ದೇಶ ಸಮೃದ್ಧವಾಗಿದೆ ಎಂದು ಸರಕಾರ ಹೇಳುತ್ತಿತ್ತು. ಹಾಗಾದರೆ ಕೆಲಸವಿಲ್ಲದವರು ಎಷ್ಟು ಜನ ಎಂದು ವ್ಯಾಗ್ನರರು ಕೇಳಿದರು. ಯಾರಲ್ಲಿಯೂ ಸರಿಯಾದ ಲೆಕ್ಕವಿರಲಿಲ್ಲ. ಸೆನೇಟಿನ ಒತ್ತಾಯದ ಮೇಲೆ ಕಾರ್ಮಿಕ ಇಲಾಖೆ ಸುಮಾರು 18 ಲಕ್ಷ 74 ಸಾವಿರ ಎಂಬ ಅಂಕೆಯನ್ನು ತಂದು ಮುಂದಿಟ್ಟಿತು. 1925ಕ್ಕಿಂತ ಎಷ್ಟು ಕೆಲಸಗಳು ಕಡಿಮೆಯಾಗಿವೆ ಎಂಬುದರ ಅಂಕೆ ಅದು. 1925ರಲ್ಲಿಯೇ ಕೆಲಸವಿಲ್ಲದೆ ಕುಳಿತವರು ಅದರೊಳಗೆ ಸೇರಿಯೇ ಇರಲಿಲ್ಲ. ಈ ಮೋಸವನ್ನು ವ್ಯಾಗ್ನರರು ಮನೆಯ ಮುಂದೆ ಬಿಚ್ಚಿಟ್ಟರು. ರೋಗಿಗಳನ್ನು ಎಣಿಸದೆ ಔಷಧ ತಯಾರಿಸುವುದು ಹೇಗೆ ಎಂಬುದು ಅವರ ವಾದದ ಸಾರ.

ಬರಿಯ ಟೀಕೆಯಿಂದ ಅವರು ತೃಪ್ತರಾಗಲಿಲ್ಲ. ಮೂರು ಮಸೂದೆಗಳನ್ನು ಮಂಡಿಸಿದರು. ನಿರುದ್ಯೋಗದ ಲೆಕ್ಕ ಇಡಬೇಕು, ಕಷ್ಟದ ಕಾಲಕ್ಕಾಗಿ ಸರಕಾರಿ ಕಾಮಗಾರಿಗಳನ್ನು ಮೊದಲೇ ಯೋಜಿಸಿಡಬೇಕು, ಕೆಲಸ ಹುಡುಕುವವರಿಗಾಗಿ ಸರಕಾರಿ ಉದ್ಯೋಗ ವಿನಿಮಯ ಕಚೇರಿಗಳನ್ನು ತೆರೆಯಬೇಕು. ಮೊದಲಿನ ಎರಡು 1930 ಮತ್ತು 1931ರಲ್ಲಿ ಕಾಯಿದೆಗಳಾದವು. ಮೂರನೆಯದಕ್ಕೆ 1931ರಲ್ಲಿ ಅಧ್ಯಕ್ಷ ಹೂವರರು ಸಹಿ ಹಾಕಲಿಲ್ಲ. ವ್ಯಾಗ್ನರರು ಅದನ್ನು ಮತ್ತೆ ತಂದರು. 1933ರ ಜೂನ್ 6ರಂದು, ಹೊಸ ಅಧ್ಯಕ್ಷ ರೂಸ್‌ವೆಲ್ಟರ ಕಾಲದಲ್ಲಿ, ಅದೂ ಕಾಯಿದೆಯಾಯಿತು. ಅಷ್ಟರಲ್ಲಿ ಆ ದೇಶದಲ್ಲಿ ದುಡಿಯುವ ನಾಲ್ವರಲ್ಲಿ ಒಬ್ಬನಿಗೆ ಕೆಲಸವಿರಲಿಲ್ಲ. ಐದು ವರ್ಷ ಒಂದೇ ವಿಷಯವನ್ನು ಬಿಡದೆ ಹಿಡಿದ ಈ ಹಟವನ್ನು ನಾವು ಗಮನಿಸಬೇಕು. ಒಂದು ದಿನ ಗುಡುಗಿ ಮರುದಿನ ಮರೆಯುವ ಭಾಷಣದಿಂದ ಇಂಥ ಕೆಲಸ ಆಗುವುದಿಲ್ಲ.

ಇನ್ನು ಸಂಘದ ಹಕ್ಕಿನ ವಿಷಯ. 1933ರ ಕೈಗಾರಿಕಾ ಪುನರುದ್ಧಾರ ಕಾಯಿದೆಯ 7(ಎ) ಎಂಬ ಕಲಮಿನಲ್ಲಿ, ಕಾರ್ಮಿಕರು ಸಂಘ ಕಟ್ಟಿಕೊಂಡು ತಮ್ಮ ಪ್ರತಿನಿಧಿಗಳ ಮೂಲಕ ಮಾಲಕರೊಡನೆ ಒಟ್ಟಾಗಿ ಮಾತುಕತೆ ನಡೆಸಬಹುದು ಎಂದು ಬರೆಯಲಾಯಿತು. ಕಾಗದದ ಮೇಲೆ ಹಕ್ಕು ಬಂದಿತು. ಮಾಲಕರು ಅದಕ್ಕೆ ಒಂದು ಉಪಾಯ ಹುಡುಕಿದರು. ತಾವೇ ಸಂಘ ಕಟ್ಟಿಸಿ, ತಾವೇ ಖರ್ಚು ಕೊಟ್ಟು, ತಮ್ಮ ಕೋಣೆಯಲ್ಲಿಯೇ ಅದರ ಸಭೆ ಕರೆದು, ‘ಇಗೋ, ನಮ್ಮಲ್ಲಿ ಸಂಘವಿದೆ’ ಎಂದು ತೋರಿಸಿದರು. ಇಂಥ ಸಂಘಗಳಿಗೆ ಅಲ್ಲಿ ಕಂಪೆನಿ ಯೂನಿಯನ್ ಎಂದು ಹೆಸರು.

ಜಗಳಗಳನ್ನು ಬಗೆಹರಿಸಲು ನೇಮಿಸಿದ ರಾಷ್ಟ್ರೀಯ ಕಾರ್ಮಿಕ ಮಂಡಳಿಗೆ ವ್ಯಾಗ್ನರರೇ ಅಧ್ಯಕ್ಷರಾದರು. ಅದೇ ವರ್ಷ ಆಗಸ್ಟಿನಲ್ಲಿ ಪೆನ್ಸಿಲ್ವೇನಿಯದ ರೀಡಿಂಗ್ ಎಂಬ ಊರಿನ ಕಾಲುಚೀಲದ ಗಿರಣಿಗಳಲ್ಲಿ ಸುಮಾರು 10 ಸಾವಿರ ಜನ ಮುಷ್ಕರ ಹೂಡಿದ್ದರು. ಮಂಡಳಿ ಒಂದು ಸರಳ ದಾರಿ ತೋರಿಸಿತು. ಮುಷ್ಕರ ನಿಲ್ಲಲಿ, ಎಲ್ಲರನ್ನೂ ಕೆಲಸಕ್ಕೆ ಹಿಂದೆ ತೆಗೆದುಕೊಳ್ಳಲಿ, ಯಾರು ತಮ್ಮ ಪರವಾಗಿ ಮಾತನಾಡಬೇಕೆಂಬುದನ್ನು ಕಾರ್ಮಿಕರೇ ಗುಪ್ತ ಮತದಾನದಿಂದ ನಿರ್ಧರಿಸಲಿ. ಮತದಾನವಾಯಿತು, ಹೆಚ್ಚಿನ ಗಿರಣಿಗಳಲ್ಲಿ ಸಂಘವೇ ಗೆದ್ದಿತು. ಆದರೆ ವೀರ್ಟನ್ ಉಕ್ಕಿನ ಕಂಪೆನಿಯಂಥ ದೊಡ್ಡ ಮಾಲಕರು ಮಂಡಳಿಗೆ ಸೊಪ್ಪು ಹಾಕಲಿಲ್ಲ. ಮಂಡಳಿಗೆ ಬುದ್ಧಿ ಹೇಳುವ ಅಧಿಕಾರವಿತ್ತು, ಆಜ್ಞೆ ಮಾಡುವ ಅಧಿಕಾರವಿರಲಿಲ್ಲ. 1934ರ ಸೆಪ್ಟೆಂಬರಿನಲ್ಲಿ ಸುಮಾರು 4 ಲಕ್ಷ ಬಟ್ಟೆ ಗಿರಣಿಯ ಕಾರ್ಮಿಕರು ದೇಶದ ಉತ್ತರದಿಂದ ದಕ್ಷಿಣದ ವರೆಗೆ ಮುಷ್ಕರ ಮಾಡಿ, ಮೂರು ವಾರದಲ್ಲಿ ಬರಿಗೈಯಲ್ಲಿ ಹಿಂತಿರುಗಿದರು. ಅವರಲ್ಲಿ ಸಾವಿರಾರು ಜನರಿಗೆ ಗಿರಣಿಯ ಬಾಗಿಲು ಮತ್ತೆ ತೆರೆಯಲಿಲ್ಲ.

ಈ ಅನುಭವವನ್ನು ಬೆನ್ನಿಗಿಟ್ಟುಕೊಂಡು ವ್ಯಾಗ್ನರರು 1935ರ ಫೆಬ್ರವರಿ 21ರಂದು ತಮ್ಮ ಮಸೂದೆಯನ್ನು ಸೆನೇಟಿನಲ್ಲಿ ಮಂಡಿಸಿದರು. ಹಿಂದಿನ ವರ್ಷ ತಂದಿದ್ದ ಇಂಥದೇ ಒಂದು ಮಸೂದೆ ಬಿದ್ದುಹೋಗಿತ್ತು. ಈ ಸಲ ಮಾಲಕರು ಮಾಡಬಾರದ ಐದು ಕೆಲಸಗಳನ್ನು ಬಿಡಿಬಿಡಿಯಾಗಿ ಹೇಳಲಾಗಿತ್ತು. ಸಂಘ ಕಟ್ಟುವವರನ್ನು ಬೆದರಿಸಬಾರದು, ತಡೆಯಬಾರದು. ಸಂಘವನ್ನು ತಮ್ಮ ಹತೋಟಿಯಲ್ಲಿಟ್ಟುಕೊಳ್ಳಬಾರದು, ಅದಕ್ಕೆ ಹಣ ಕೊಡಬಾರದು. ಸಂಘದ ಸದಸ್ಯನೆಂಬ ಕಾರಣಕ್ಕೆ ಕೆಲಸದಲ್ಲಿ ಭೇದ ಮಾಡಬಾರದು. ದೂರು ಕೊಟ್ಟವನನ್ನೂ ಸಾಕ್ಷಿ ಹೇಳಿದವನನ್ನೂ ತೆಗೆದುಹಾಕಬಾರದು. ಬಹುಮತದ ಸಂಘದೊಡನೆ ಮಾತುಕತೆಗೆ ಕೂರಲು ನಿರಾಕರಿಸಬಾರದು. ಯಾರು ಬಹುಮತದವರು ಎಂಬ ತಕರಾರು ಬಂದರೆ ಗುಪ್ತ ಮತದಾನ ನಡೆಸುವ ಅಧಿಕಾರವೂ, ತಪ್ಪು ಮಾಡಿದ ಮಾಲಕನನ್ನು ಕೋರ್ಟಿಗೆ ಎಳೆಯುವ ಅಧಿಕಾರವೂ ಉಳ್ಳ ಒಂದು ಮಂಡಳಿ. ಕೊನೆಗೆ, ಮುಷ್ಕರದ ಹಕ್ಕನ್ನು ಈ ಕಾಯಿದೆಯಲ್ಲಿನ ಯಾವ ಮಾತೂ ಕುಂದಿಸಲಾರದು ಎಂಬ ಸ್ಪಷ್ಟ ಕಲಮು.

ಚರ್ಚೆಯಲ್ಲಿ ವ್ಯಾಗ್ನರರು ಎರಡು ವಾದಗಳನ್ನು ಮುಂದಿಟ್ಟರು. ಮೊದಲನೆಯದು ನ್ಯಾಯದ್ದು. ಒಬ್ಬ ಕೆಲಸಗಾರ ದೊಡ್ಡ ಕಂಪೆನಿಯ ಮುಂದೆ ಒಂಟಿಯಾಗಿ ನಿಂತು ಮಾಡುವ ಕರಾರಿಗೆ ಸ್ವತಂತ್ರ ಕರಾರು ಎಂದು ಹೇಗೆ ಹೇಳುವುದು? ಮಾಲಕನ ಹಣದಲ್ಲಿ ನಡೆಯುವ ಸಂಘದ ಮುಖಂಡ ಮಾಲಕನ ಎದುರಿಗೆ ಬಾಯಿ ತೆರೆಯುವನೆಂದು ಯಾರು ನಂಬುವರು? ಎರಡನೆಯದು ದೇಶದ ವ್ಯಾಪಾರದ್ದು. ಯಂತ್ರಗಳು ಹೆಚ್ಚು ಸರಕು ತಯಾರಿಸಿದವು, ಅದಕ್ಕೆ ತಕ್ಕಂತೆ ಕೂಲಿ ಏರಲಿಲ್ಲ, ಸರಕು ತಯಾರಿಸಿದವನಿಗೇ ಅದನ್ನು ಕೊಳ್ಳುವ ಶಕ್ತಿ ಇಲ್ಲದೆ ಅಂಗಡಿಗಳಲ್ಲಿ ಅದು ಹಾಗೆಯೇ ಉಳಿಯಿತು, ಕಾರಖಾನೆಗಳು ಮುಚ್ಚಿದವು. ಆದುದರಿಂದ ಕೂಲಿಯವನ ಬಲ ಹೆಚ್ಚಿದರೆ ವ್ಯಾಪಾರಿಗೂ ಲಾಭವೇ ಎಂಬುದು ಅವರ ನಿಲುವು. ಈ ಎರಡನೆಯ ವಾದ, ಕಾರ್ಮಿಕರ ಮೇಲೆ ಕನಿಕರವಿಲ್ಲದ ಸದಸ್ಯರನ್ನೂ ಆಲೋಚಿಸುವಂತೆ ಮಾಡುವ ವಾದ.

ಮಸೂದೆಯ ನಿಜವಾದ ಪರೀಕ್ಷೆ ಒಂದು ತಿದ್ದುಪಡಿಯ ಮೇಲೆ ನಡೆಯಿತು. ಮೇರಿಲ್ಯಾಂಡಿನ ಸೆನೇಟರ್ ಟೈಡಿಂಗ್ಸರು ಕೆಲವೇ ಪದಗಳನ್ನು ಸೇರಿಸಬೇಕೆಂದರು: ಕಾರ್ಮಿಕರು ‘ಯಾವುದೇ ಮೂಲದಿಂದ ಬರುವ’ ಬಲಾತ್ಕಾರ, ಬೆದರಿಕೆಗಳಿಲ್ಲದೆ ತಮ್ಮ ಹಕ್ಕನ್ನು ನಡೆಸಬೇಕು. ಮೇಲುನೋಟಕ್ಕೆ ಇದರಲ್ಲಿ ತಪ್ಪೇನಿದೆ? ಮಾಲಕನು ಬೆದರಿಸಬಾರದೆಂದರೆ ಸಂಘದವರೂ ಬೆದರಿಸಬಾರದು, ಸಮನ್ಯಾಯವಲ್ಲವೆ? ಒಳ್ಳೆಯ ಮನಸ್ಸಿನ ಎಷ್ಟೋ ಜನ ಇಂಥ ಮಾತಿಗೆ ತಲೆದೂಗುತ್ತಾರೆ.

ವ್ಯಾಗ್ನರರು ತಲೆದೂಗಲಿಲ್ಲ. ಹೊಡೆದಾಟಕ್ಕೂ ಕೊಲೆಬೆದರಿಕೆಗೂ ಪೋಲೀಸರಿದ್ದಾರೆ, ರಾಜ್ಯಗಳ ದಂಡನೆಯ ಕಾಯಿದೆಗಳಿವೆ; ಅದಕ್ಕೆ ಈ ಮಸೂದೆ ಬೇಕಾಗಿಲ್ಲ ಎಂದರು. ‘ಬಲಾತ್ಕಾರ’ ಎಂಬ ಪದಕ್ಕೆ ಕೋರ್ಟುಗಳು ಹಿಂದೆ ಕೊಟ್ಟ ಅರ್ಥವೇನೆಂಬುದನ್ನು ಮಾಜಿ ನ್ಯಾಯಾಧೀಶರಾದ ಅವರು ಬಲ್ಲರು. ಗೇಟಿನ ಮುಂದೆ ಶಾಂತಿಯಿಂದ ನಿಂತು ಪಿಕೆಟಿಂಗ್ ಮಾಡುವುದು, ಜೊತೆಗಾರನನ್ನು ಸಂಘಕ್ಕೆ ಸೇರು ಎಂದು ಒತ್ತಾಯಿಸುವುದು ಕೂಡ ಬಲಾತ್ಕಾರವೆಂದು ತೀರ್ಪುಗಳಾಗಿದ್ದವು. ಆ ಪದ ಒಳಗೆ ಬಂದರೆ ತಡೆಯಾಜ್ಞೆಗಳು ಅದರ ಹಿಂದೆಯೇ ಬರುತ್ತವೆ. ಕಾರ್ಮಿಕನ ರಕ್ಷಣೆಗೆಂದು ಮಾಡಿದ ಕಾಯಿದೆ ಅವನನ್ನೇ ಕಟ್ಟುವ ಹಗ್ಗವಾಗುತ್ತದೆ. ತಿದ್ದುಪಡಿ 21ಕ್ಕೆ 50 ಮತಗಳಿಂದ ಬಿದ್ದಿತು. 1935ರ ಮೇ 16ರಂದು ಸೆನೇಟು ಮಸೂದೆಯನ್ನು 63 ಮತಗಳಿಂದ ಒಪ್ಪಿತು, ವಿರೋಧ 12. ಅಧ್ಯಕ್ಷ ರೂಸ್‌ವೆಲ್ಟರು ಬಹಿರಂಗವಾಗಿ ಬೆಂಬಲಿಸಿದ್ದು ಅದರ ನಂತರ. ಜುಲೈ 5ರಂದು ಅವರ ಸಹಿ ಬಿದ್ದು ರಾಷ್ಟ್ರೀಯ ಕಾರ್ಮಿಕ ಸಂಬಂಧಗಳ ಕಾಯಿದೆ ಹುಟ್ಟಿತು. ಜನರು ಇಂದಿಗೂ ಅದನ್ನು ವ್ಯಾಗ್ನರ್ ಕಾಯಿದೆ ಎಂದೇ ಕರೆಯುತ್ತಾರೆ.

ಮಾಲಕರು ಎರಡು ವರ್ಷ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಸುಪ್ರೀಂ ಕೋರ್ಟು ಅದನ್ನು ರದ್ದು ಮಾಡುತ್ತದೆಂದು ಕಾದರು. 1937ರ ಏಪ್ರಿಲ್ 12ರಂದು ಕೋರ್ಟು 5ಕ್ಕೆ 4ರ ಬಹುಮತದಿಂದ ಕಾಯಿದೆಯನ್ನು ಎತ್ತಿಹಿಡಿಯಿತು. ಅದಕ್ಕೆ ಎರಡು ವಾರ ಮೊದಲು, ವಾಷಿಂಗ್ಟನ್ ರಾಜ್ಯದ ಒಂದು ಹೋಟೆಲಿನಲ್ಲಿ ಕೋಣೆ ಗುಡಿಸುತ್ತಿದ್ದ ಎಲ್ಸಿ ಪ್ಯಾರಿಷ್ ಎಂಬ ಹೆಂಗಸು, ಕನಿಷ್ಠ ವೇತನದಂತೆ ತನಗೆ ಬರಬೇಕಾದ 216 ಡಾಲರಿಗಾಗಿ ಹೂಡಿದ್ದ ಮೊಕದ್ದಮೆಯಲ್ಲಿಯೂ ಅದೇ ಕೋರ್ಟು ಅವಳ ಕಡೆಗೆ ತೀರ್ಪು ಕೊಟ್ಟಿತ್ತು. 1935ರಲ್ಲಿ 40 ಲಕ್ಷಕ್ಕೂ ಕಡಿಮೆಯಿದ್ದ ಅಮೇರಿಕದ ಸಂಘಗಳ ಸದಸ್ಯರು ಹತ್ತು ವರ್ಷದಲ್ಲಿ 1 ಕೋಟಿ 40 ಲಕ್ಷವನ್ನು ಮೀರಿದರು. ಇದು ವ್ಯಾಗ್ನರರೊಬ್ಬರ ಪುಣ್ಯವೆಂದು ನಾವು ಹೇಳುವುದಿಲ್ಲ. ಕಾರಖಾನೆಗಳಲ್ಲಿ ಕುಳಿತು ಮುಷ್ಕರ ಮಾಡಿದವರು, ಪೋಲೀಸರ ಲಾಠಿ ತಿಂದವರು ಲಕ್ಷಾಂತರ ಜನ. ಆದರೆ ಅವರ ಹೋರಾಟಕ್ಕೆ ನಿಲ್ಲಲು ನೆಲ ಕೊಟ್ಟದ್ದು ಆ ಕಾಯಿದೆಯ ಪದಗಳು.

ಹೊಗಳುವಷ್ಟೇ ನೇರವಾಗಿ ಅದರ ಕೊರತೆಗಳನ್ನೂ ಹೇಳಬೇಕು. ಹೊಲಗೆಲಸದವರು ಮತ್ತು ಮನೆಗೆಲಸದವರು ಈ ಕಾಯಿದೆಗೆ ಒಳಪಡುವುದಿಲ್ಲ ಎಂದು ಅದರಲ್ಲಿಯೇ ಬರೆಯಲಾಯಿತು. ಆ ದೇಶದ ದಕ್ಷಿಣದಲ್ಲಿ ಈ ಎರಡು ಕೆಲಸಗಳನ್ನು ಮಾಡುತ್ತಿದ್ದವರಲ್ಲಿ ಬಹುಮಂದಿ ಕರಿಯ ಜನ. ವರ್ಣಭೇದ ಮಾಡುವ ಸಂಘಗಳಿಗೆ ಈ ರಕ್ಷಣೆ ಸಿಗಬಾರದು ಎಂದು ಕರಿಯರ ಸಂಸ್ಥೆಗಳು ಕೇಳಿದ್ದ ಕಲಮು ಕೂಡ ಸೇರಲಿಲ್ಲ. ಕರಿಯರನ್ನು ಗುಂಪುಗೂಡಿ ಕೊಲ್ಲುವುದರ ವಿರುದ್ಧ ಇದೇ ವ್ಯಾಗ್ನರರು ತಂದ ಮಸೂದೆಯನ್ನು ದಕ್ಷಿಣದ ಸೆನೇಟರುಗಳು 1938ರಲ್ಲಿ ವಾರಗಟ್ಟಲೆ ನಿಲ್ಲದೆ ಮಾತನಾಡಿಯೇ ಕೊಂದರು. ಮೇಲ್ಮನೆಯ ಮಾತು ಕಾಯಿದೆಯನ್ನು ಹುಟ್ಟಿಸಬಲ್ಲದು, ಹೊಸಕಿಯೂ ಹಾಕಬಲ್ಲದು.

ಹೋಟೆಲಿನ ಬಂಧುಗಳು ಇನ್ನೊಂದು ಸಂಗತಿಯನ್ನು ತಿಳಿದುಕೊಳ್ಳಬೇಕು. ಹೋಟೆಲು ಕಾರ್ಮಿಕರನ್ನು ಬಿಡಬೇಕೆಂದು ಕಾಯಿದೆಯಲ್ಲಿ ಎಲ್ಲಿಯೂ ಬರೆದಿರಲಿಲ್ಲ. ಆದರೂ ಹೋಟೆಲುಗಳ ತಕರಾರು ತನ್ನ ಕೆಲಸವಲ್ಲವೆಂದು ಮಂಡಳಿ ಅವನ್ನು ದೂರವೇ ಇಟ್ಟಿತು. ನ್ಯೂಯಾರ್ಕಿನಂಥ ಕೆಲವು ರಾಜ್ಯಗಳು ತಮ್ಮದೇ ಕಾಯಿದೆ ಮಾಡಿಕೊಂಡವು. ಉಳಿದ ಕಡೆ ಹೋಟೆಲಿನವರಿಗೆ ಹೇಳುವವರು ಕೇಳುವವರು ಇರಲಿಲ್ಲ. ಕೊನೆಗೆ ಹೋಟೆಲು ಕಾರ್ಮಿಕರ ಒಂದು ಸಂಘ ಸುಪ್ರೀಂ ಕೋರ್ಟಿನ ವರೆಗೆ ಹೋಯಿತು. ಒಂದು ಇಡೀ ಉದ್ಯಮವನ್ನು ಹೀಗೆ ಹೊರಗಿಡುವಂತಿಲ್ಲ ಎಂದು 1958ರ ನವೆಂಬರ್ 24ರಂದು ಕೋರ್ಟು ಹೇಳಿತು. ಕಾಯಿದೆ ಹುಟ್ಟಿ ಆಗಲೇ 23 ವರ್ಷ ಕಳೆದಿತ್ತು.

ಟೈಡಿಂಗ್ಸರ ತಿದ್ದುಪಡಿಯೂ ಸತ್ತಿರಲಿಲ್ಲ. 1947ರಲ್ಲಿ ಟಾಫ್ಟ್-ಹಾರ್ಟ್ಲಿ ಕಾಯಿದೆಯ ರೂಪದಲ್ಲಿ, ಸಂಘಗಳ ‘ಬಲಾತ್ಕಾರ’ವನ್ನು ನಿಷೇಧಿಸುವ ಕಲಮು ಬೇರೆ ಅನೇಕ ನಿರ್ಬಂಧಗಳೊಡನೆ ಹಿಂತಿರುಗಿ ಬಂದಿತು. ಅಧ್ಯಕ್ಷ ಟ್ರೂಮನ್ನರು ತಿರಸ್ಕರಿಸಿದರೂ ಸೆನೇಟು ಜೂನ್ 23ರಂದು 68ಕ್ಕೆ 25 ಮತಗಳಿಂದ ಅದನ್ನು ಊರ್ಜಿತಗೊಳಿಸಿತು. ಕಾಯಿಲೆ ಬಿದ್ದಿದ್ದ ವ್ಯಾಗ್ನರರು ಆ ದಿನ ಮತ ಹಾಕಲಿಲ್ಲ. 1949ರಲ್ಲಿ ರಾಜೀನಾಮೆ ಕೊಟ್ಟರು, 1953ರಲ್ಲಿ ತೀರಿಕೊಂಡರು. ಹನ್ನೆರಡು ವರ್ಷದ ಹಿಂದೆ ಒಬ್ಬ ಮನುಷ್ಯ ಬಾಗಿಲಲ್ಲಿ ನಿಂತು ತಡೆದಿದ್ದ ಪದ, ಅವನಿಲ್ಲದಾಗ ಒಳಗೆ ಬಂದಿತು. ಹಕ್ಕನ್ನು ಒಬ್ಬನ ಕಾವಲಿಗೆ ಒಪ್ಪಿಸಿ ಉಳಿದವರು ಮಲಗಿದರೆ ಹೀಗೇ ಆಗುತ್ತದೆ.

ಈಗ ನಮ್ಮ ವಿಷಯಕ್ಕೆ ಬರೋಣ. ಸಂಘಕ್ಕೆ ಮನ್ನಣೆ ಕೊಡುವುದನ್ನು ಕಡ್ಡಾಯ ಮಾಡುವ ತಿದ್ದುಪಡಿ ಕಾಯಿದೆಯೊಂದು ನಮ್ಮ ದೇಶದಲ್ಲಿ 1947ರಲ್ಲಿಯೇ ಅಂಗೀಕಾರವಾಗಿತ್ತು. ಅದು ಒಂದು ದಿನವೂ ಜಾರಿಗೆ ಬರಲಿಲ್ಲ. ಮುಂಬಯಿಯ ಗಿರಣಿಗಳಲ್ಲಿ 1946ರ ಬೊಂಬಾಯಿ ಕೈಗಾರಿಕಾ ಸಂಬಂಧಗಳ ಕಾಯಿದೆ ನಡೆಯಿತು. ಯಾವ ಸಂಘ ಕಾರ್ಮಿಕರ ಪ್ರತಿನಿಧಿ ಎಂಬುದನ್ನು ಅದು ಸದಸ್ಯತ್ವದ ಪಟ್ಟಿಯಿಂದ ನಿರ್ಧರಿಸಿತು. ಕಾರ್ಮಿಕನ ಕೈಗೆ ಗುಪ್ತ ಮತಪತ್ರ ಬರಲಿಲ್ಲ. 1982ರ ಜನವರಿ 18ರಂದು ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ಕೆಲಸ ನಿಲ್ಲಿಸಿದಾಗ ಪಗಾರ, ಬೋನಸ್ಸು, ಬದಲಿಯವರ ಖಾಯಮಾತಿ ಎಂಬ ಬೇಡಿಕೆಗಳ ಜೊತೆಗೆ ಆ ಕಾಯಿದೆ ಹೋಗಬೇಕೆಂಬ ಬೇಡಿಕೆಯೂ ಇತ್ತು. ನಮ್ಮನ್ನು ಯಾರು ಪ್ರತಿನಿಧಿಸಬೇಕೆಂದು ನಮ್ಮನ್ನೇ ಕೇಳಿರಿ ಎಂಬುದಷ್ಟೇ ಅದರ ಅರ್ಥ. ಆ ಮುಷ್ಕರದಲ್ಲಿ ಕೆಲಸ ಕಳೆದುಕೊಂಡ ನಮ್ಮ ಹಿರಿಯರಿಗೆ ಮುಂದಿನ ಕಥೆಯನ್ನು ನಾವು ಹೇಳಬೇಕಾಗಿಲ್ಲ.

ಹೊಸ ಸಂಹಿತೆಯ ಮಸೂದೆ 2020ರ ಸೆಪ್ಟೆಂಬರ್ 19ರಂದು ಲೋಕಸಭೆಯಲ್ಲಿ ಮಂಡನೆಯಾಯಿತು, 22ರಂದು ಅಲ್ಲಿ ಅಂಗೀಕಾರವಾಯಿತು, 23ರಂದು ರಾಜ್ಯಸಭೆಯಲ್ಲಿ. ಆ ಒಂದೇ ದಿನ ಮೂರು ಸಂಹಿತೆಗಳು ಧ್ವನಿಮತದಿಂದ ಮುಗಿದವು. ಎಂಟು ಸದಸ್ಯರ ಅಮಾನತನ್ನು ಪ್ರತಿಭಟಿಸಿ ವಿರೋಧ ಪಕ್ಷಗಳ ಹೆಚ್ಚಿನವರು ಹೊರಗಿದ್ದರು. ಖಾಲಿ ಬೆಂಚುಗಳ ಮುಂದೆ ಮಸೂದೆ ಮುಗಿಸಿದವರಿಗೂ, ಕಾರ್ಮಿಕರ ಕಲಮುಗಳು ಬಂದ ಗಳಿಗೆಯಲ್ಲಿ ಒಳಗಿಲ್ಲದವರಿಗೂ ನಮ್ಮ ಪ್ರಶ್ನೆ ಒಂದೇ: ಟೈಡಿಂಗ್ಸರ ತಿದ್ದುಪಡಿಯಂಥ ಪದಗಳು ಅದರಲ್ಲಿ ಇದ್ದಿದ್ದರೆ ಹಿಡಿದು ತೋರಿಸುವವರು ಆ ದಿನ ಯಾರಿದ್ದರು?

ಅಂಥ ಒಂದು ಪದವನ್ನು ನಾವೇ ತೋರಿಸುತ್ತೇವೆ. ಒಂದು ಸಂಸ್ಥೆಯಲ್ಲಿ ಒಂದಕ್ಕಿಂತ ಹೆಚ್ಚು ಸಂಘಗಳಿದ್ದರೆ, ಹಾಜರಿ ಪುಸ್ತಕದಲ್ಲಿರುವ ಕೆಲಸಗಾರರಲ್ಲಿ ನೂರಕ್ಕೆ 51ರಷ್ಟು ಜನರ ಬೆಂಬಲವಿರುವ ಸಂಘವೇ ಮಾತುಕತೆಯ ಏಕೈಕ ಸಂಘವೆಂದು ಸಂಹಿತೆ ಹೇಳುತ್ತದೆ. ‘ಹಾಜರಿ ಪುಸ್ತಕದಲ್ಲಿರುವ’ ಎಂಬ ಮಾತನ್ನು ಇನ್ನೊಮ್ಮೆ ಓದಿರಿ. ನಮ್ಮ ಹೋಟೆಲುಗಳಲ್ಲಿ ಎಷ್ಟು ಮಾಣಿಗಳ, ಎಷ್ಟು ಕ್ಲೀನರುಗಳ ಹೆಸರು ಆ ಪುಸ್ತಕದಲ್ಲಿದೆ? ಹಿತ್ತಿಲಲ್ಲಿ ಪಾತ್ರೆ ತೊಳೆಯುವವನ ಹೆಸರು ಇದೆಯೆ? ಹೆಸರಿಲ್ಲದವನು ಹತ್ತು ವರ್ಷ ದುಡಿದರೂ ಆ 51ರ ಲೆಕ್ಕಕ್ಕೆ ಬರುವುದಿಲ್ಲ. ಅಮೇರಿಕದ ಹೋಟೆಲು ಕಾರ್ಮಿಕರು 23 ವರ್ಷ ಬಾಗಿಲ ಹೊರಗೆ ನಿಂತದ್ದು ಇಂಥದೇ ಲೆಕ್ಕದಿಂದ. ಮುಷ್ಕರಕ್ಕೆ 14 ದಿನ ಮೊದಲು ನೋಟೀಸು ಕೊಡಬೇಕೆಂಬ ನಿಯಮ ಹಿಂದೆ ನೀರು, ರೈಲುಗಳಂಥ ಸಾರ್ವಜನಿಕ ಸೇವೆಗಳಿಗೆ ಇತ್ತು. ಈಗ ಅದು ಎಲ್ಲ ಕೈಗಾರಿಕಾ ಸಂಸ್ಥೆಗಳಿಗೂ ಅನ್ವಯಿಸುತ್ತದೆ. ಇದನ್ನು ತಿಳಿಯದೆ ಕೆಲಸ ನಿಲ್ಲಿಸಿದವರು ತೊಂದರೆಗೆ ಸಿಕ್ಕಿಕೊಳ್ಳುತ್ತಾರೆ.

ನಮ್ಮ ಹೋಟೆಲುಗಳಲ್ಲಿ ಇನ್ನೊಂದು ತೊಡಕಿದೆ. ಮಾಲಕರು ಅನೇಕ ಕಡೆ ನಮ್ಮ ಊರಿನವರೇ, ಕೆಲವು ಕಡೆ ನೆಂಟರೂ ಹೌದು. ‘ಊಟ ಹಾಕಿದ್ದೇನೆ, ಮಲಗಲು ಜಾಗ ಕೊಟ್ಟಿದ್ದೇನೆ, ಮನೆಯ ಮಗನಂತೆ ನೋಡಿಕೊಂಡಿದ್ದೇನೆ; ನಿನಗೆ ಸಂಘ ಯಾಕೋ?’ ಎಂದು ಅವರು ಕೇಳಿದಾಗ ಹುಡುಗ ತಲೆ ತಗ್ಗಿಸುತ್ತಾನೆ. ಉಪಕಾರವನ್ನು ಮರೆಯಬೇಕೆಂದು ನಾವು ಹೇಳುವುದಿಲ್ಲ. ಆದರೆ ಮನೆಯ ಮಗನಾಗಿದ್ದರೆ ಅವನ ಹೆಸರು ಹಾಜರಿ ಪುಸ್ತಕದಲ್ಲಿ ಬರೆಯಲು ಅಂಜಿಕೆ ಯಾಕೆ? ಮಾಲಕರ ಹಣದಿಂದ ಪೂಜೆ, ಪಿಕ್‌ನಿಕ್ಕು ನಡೆಸುವ ಮಂಡಳಿಗಳು ಇರಲಿ. ಪಗಾರದ ಮಾತು ಬಂದಾಗ ಅವು ಕಾರ್ಮಿಕರ ಸಂಘದ ಜಾಗದಲ್ಲಿ ಕೂರಬಾರದು. ವ್ಯಾಗ್ನರರು ಸೆನೇಟಿನಲ್ಲಿ ಕಂಪೆನಿ ಯೂನಿಯನ್ನಿನ ಬಗ್ಗೆ ಮಾಡಿದ ವಾದ ನಮ್ಮ ಗಲ್ಲಾಪೆಟ್ಟಿಗೆಯ ಮುಂದೆಯೂ ಸಲ್ಲುತ್ತದೆ.

ಆದುದರಿಂದ ನಮ್ಮ ಸದಸ್ಯರಲ್ಲಿ ನಮ್ಮ ವಿನಂತಿ ಇಷ್ಟು. ಮೊದಲನೆಯದಾಗಿ, ನಿಮ್ಮ ಹೆಸರು ಹಾಜರಿ ಪುಸ್ತಕದಲ್ಲಿದೆಯೆ ಎಂದು ಈ ತಿಂಗಳೇ ನೋಡಿಕೊಳ್ಳಿರಿ. ಇಲ್ಲದಿದ್ದರೆ ಸಂಘದ ಕಚೇರಿಗೆ ಬಂದು ತಿಳಿಸಿರಿ. ಎರಡನೆಯದಾಗಿ, ನೀವು ದುಡಿಯುವ ಗಂಟೆ, ಸಿಗುವ ಪಗಾರ, ರಜೆ ಎಲ್ಲವನ್ನೂ ಒಂದು ಪುಸ್ತಕದಲ್ಲಿ ಬರೆದಿಡಿರಿ. ಲೆಕ್ಕವಿಲ್ಲದ ದೂರನ್ನು ಯಾವ ಸಭೆಯೂ ಕೇಳುವುದಿಲ್ಲ. 1928ರಲ್ಲಿ ವ್ಯಾಗ್ನರರು ಲೆಕ್ಕದಿಂದಲೇ ಆರಂಭಿಸಿದರು. ಮೂರನೆಯದಾಗಿ, ರಾಜ್ಯಸಭೆಯ ಚರ್ಚೆಗಳು ಅಕ್ಷರಕ್ಕೆ ಅಕ್ಷರ ದಾಖಲಾಗುತ್ತವೆ, ಯಾರು ಬೇಕಾದರೂ ಓದಬಹುದು. ಕಾರ್ಮಿಕರ ವಿಷಯ ಬಂದಾಗ ಈ ರಾಜ್ಯದ ಸದಸ್ಯರೂ ಕರ್ನಾಟಕದ ಸದಸ್ಯರೂ ಏನು ಹೇಳಿದರು ಎಂಬುದನ್ನು ಓದಬಲ್ಲ ತರುಣರು ಓದಿ, ಓದಲಾಗದವರಿಗೆ ತಿಳಿಸಬೇಕು. ಮತ ಕೇಳಲು ಬಂದ ಪಕ್ಷದವರಿಗೆ ‘ನಿಮ್ಮ ರಾಜ್ಯಸಭಾ ಸದಸ್ಯರು ನಮ್ಮ ಕಲಮಿನ ದಿನ ಎಲ್ಲಿದ್ದರು?’ ಎಂದು ಕೇಳಬೇಕು. ಶಾಸಕರನ್ನು ಆರಿಸುವವರು ನಾವು. ರಾಜ್ಯಸಭೆಯವರನ್ನು ಆರಿಸುವವರು ಆ ಶಾಸಕರು. ದಾರಿ ಸುತ್ತಾದರೂ ಅದು ನಮ್ಮ ಬಾಗಿಲಿನಿಂದಲೇ ಹೊರಡುತ್ತದೆ.

ವ್ಯಾಗ್ನರರಂಥ ಒಬ್ಬರು ನಮಗೂ ಸಿಗಲಿ ಎಂದು ಹಾರೈಸುತ್ತಾ ಕುಳಿತರೆ ಪ್ರಯೋಜನವಿಲ್ಲ. ಕಾಲುಚೀಲದ ಗಿರಣಿಯ 10 ಸಾವಿರ ಜನ ಮುಷ್ಕರ ಮಾಡದಿದ್ದರೆ ಗುಪ್ತ ಮತದಾನದ ದಾರಿಯನ್ನು ಪರೀಕ್ಷಿಸಿ ನೋಡಲು ಅವರಿಗೆ ಅವಕಾಶವೇ ಸಿಗುತ್ತಿರಲಿಲ್ಲ. ಮೇಲ್ಮನೆಯಲ್ಲಿ ಮಾತನಾಡುವವನಿಗೆ ಮಾತು ಒದಗಿಸಬೇಕಾದವರು ಕೆಳಗೆ ದುಡಿಯುವ ನಾವು. ಸಂಹಿತೆಯ ಮುಖ್ಯ ಕಲಮುಗಳನ್ನು ಕನ್ನಡದಲ್ಲಿ ಒಂದೊಂದಾಗಿ ವಿವರಿಸುವ ಕೆಲಸವನ್ನು ಮುಂದಿನ ಸಂಚಿಕೆಯಿಂದ ಈ ಪತ್ರಿಕೆ ಕೈಗೊಳ್ಳಲಿದೆ. ಓದಿದವರು ತಮ್ಮ ಪಾಳಿಯ ಜೊತೆಗಾರರಿಗೆ ಓದಿ ಹೇಳಬೇಕೆಂದು ಕೋರುತ್ತೇವೆ.